ಎಡ ಮಗ್ಗುಲು

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಎದ್ದು ಹೋಗಲಾಗದ ಕಡೆ, ಅಂದರೆ ಮದುವೆ ಊಟದ ಪಂಕ್ತಿಯಲ್ಲೋ ರೈಲಿನ ಡಬ್ಬಿಯಲ್ಲೋ ಸಿಕ್ಕಿಬಿದ್ದರೆ, ಪೂರ್ತಿ ಕೇಳಿ, ಕೊನೆಗೆ "ಆ ಹೊತ್ತಿಗೆ ನಿಮಗೆ ಜ್ವರ ಇತ್ತೇ?" ಎಂದು ಒಂದೇ ಪ್ರಶ್ನೆ ಹಾಕುತ್ತಿದ್ದೆ. ಹೇಳುವವರ ಉತ್ಸಾಹ ಅಲ್ಲಿಗೆ ಇಳಿಯುತ್ತಿತ್ತು. ಈಗ ನಾನು ಹೇಳಹೊರಟಿರುವುದನ್ನು ಕೇಳಿ ನೀವೂ ಅದೇ ಪ್ರಶ್ನೆ ಕೇಳಬಹುದು. ಜ್ವರ ಇರಲಿಲ್ಲ. ಕುಡಿಯುವ ಅಭ್ಯಾಸ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ. ನಡೆದದ್ದು ಸಂಜೆ ಐದು ಗಂಟೆಗೆ, ಒಳ್ಳೆಯ ಬೆಳಕಿನಲ್ಲಿ.

ನಾನು ಅರಿವಳಿಕೆ ಕೊಡುವ ವೈದ್ಯ. ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೆ. ಮದುವೆಯಾಗಿರಲಿಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಬಾಡಿಗೆಗೆ ಒಂದು ಕೋಣೆ, ಎರಡು ಹೊತ್ತು ಹೋಟೆಲಿನ ಊಟ, ಭಾನುವಾರ ಜೋಗಿಮಟ್ಟಿಯ ಕಡೆ ಒಬ್ಬನೇ ನಡೆದುಹೋಗಿ ಬರುವುದು. ನನ್ನ ಕೆಲಸವೂ ಅಂಥದ್ದೇ. ಗುಣವಾದ ರೋಗಿಗಳು ಸರ್ಜನ್ ಸದಾಶಿವಯ್ಯನವರನ್ನು ಹುಡುಕಿಕೊಂಡು ಬಂದು ಕಾಲಿಗೆ ಬೀಳುತ್ತಿದ್ದರು. ಹಿರಿಯೂರಿನ ಕಡೆಯವರಾದರೆ ಒಂದು ಚೀಲ ತೆಂಗಿನಕಾಯಿ ಅವರ ಮನೆಗೆ ಇಳಿಸಿ ಹೋಗುತ್ತಿದ್ದರು. ಅದೇ ರೋಗಿಗಳು ವರಾಂಡದಲ್ಲಿ ನನ್ನ ಪಕ್ಕದಲ್ಲೇ ದಾಟಿಹೋಗುವಾಗ ನನ್ನ ಗುರುತು ಹಿಡಿಯುತ್ತಿರಲಿಲ್ಲ. ಮೂರು ಗಂಟೆ ಕಾಲ ಅವರ ಒಂದೊಂದು ಉಸಿರನ್ನೂ ನನ್ನ ಕೈಯಿಂದಲೇ ಒತ್ತಿ ಒಳಗೆ ಕಳಿಸಿರುತ್ತಿದ್ದೆ. ಆದರೆ ಆಗ ಅವರು ನಿದ್ದೆಯಲ್ಲಿರುತ್ತಿದ್ದರಲ್ಲ, ಅವರನ್ನು ದೂರುವಂತಿಲ್ಲ.

ಚಿತ್ತಯ್ಯ ಎಂಬ ಕುರಿಗಾಹಿ ನಮ್ಮಲ್ಲಿಗೆ ಬಂದದ್ದು ಹಿರೇಗುಂಟನೂರಿನ ಹತ್ತಿರದ ಒಂದು ಹಟ್ಟಿಯಿಂದ. ನಲವತ್ತರ ಆಸುಪಾಸಿನ, ಒಣಗಿದ ಮೈಯ, ಮಾತು ಕಡಿಮೆಯ ಮನುಷ್ಯ. ಕೆಮ್ಮು, ಎದೆನೋವು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಮೂಸಂಬಿ ಗಾತ್ರದ ದುಂಡನೆಯ ನೆರಳು ಇತ್ತು. ಕುರಿ, ನಾಯಿಗಳ ಜೊತೆ ಬದುಕುವವರಲ್ಲಿ ಇದನ್ನು ಕಾಣುತ್ತೇವೆ. ನಾಯಿಯ ಹೊಟ್ಟೆಯಲ್ಲಿರುವ ಒಂದು ಸಣ್ಣ ಹುಳುವಿನ ಮೊಟ್ಟೆ ಹೇಗೋ ಮನುಷ್ಯನ ಹೊಟ್ಟೆ ಸೇರಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಆಗ ಇದಕ್ಕೆ ಇದ್ದ ಮದ್ದು ಒಂದೇ, ಎದೆ ತೆರೆದು ಗುಳ್ಳೆಯನ್ನು ತೆಗೆಯುವುದು.

ಒಪ್ಪಿಗೆಯ ಕಾಗದಕ್ಕೆ ನೆಂಟರ ರುಜು ಬೇಕಿತ್ತು. "ನನಗ್ಯಾರೂ ಇಲ್ಲ, ನನ್ ಹೆಬ್ಬೆಟ್ಟೇ ಒತ್ತಿಸ್ಕಳ್ರಿ," ಎಂದ. ಕುರಿಗಳೂ ಅವನವಲ್ಲ, ಹಟ್ಟಿಯವರವು. ಮೂರು ವರ್ಷದ ಕೂಸಾಗಿದ್ದಾಗ ಹಟ್ಟಿಯವರು ಇವನನ್ನು ಎಲ್ಲಿಂದಲೋ ತಂದು ಸಾಕಿದ್ದರಂತೆ. ಬುದ್ಧಿ ಬಂದಾಗಿನಿಂದ ಕುರಿಯ ಹಿಂದೆ ಅಡವಿ, ಬೀಳುಗಳಲ್ಲೇ ಬದುಕು. ವಾರ್ಡಿನಲ್ಲಿ ಬೇರೆಯವರ ಹಾಸಿಗೆಯ ಸುತ್ತ ಸಂಜೆ ನಾಲ್ಕರಿಂದ ಆರರವರೆಗೆ ಜನ ತುಂಬಿರುತ್ತಿದ್ದರು. ಚಿತ್ತಯ್ಯ ಕಿಟಕಿಯ ಪಕ್ಕದ ಕೊನೆಯ ಮಂಚದಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದ.

ಇಲ್ಲಿ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಲಭಾಗದ ಶ್ವಾಸಕೋಶಕ್ಕೆ ಕೈಹಾಕಬೇಕಾದರೆ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಬೇಕು. ಕೆಟ್ಟ ಭಾಗ ಮೇಲೆ, ಒಳ್ಳೆಯ ಭಾಗ ಕೆಳಗೆ. ಸಾಮಾನ್ಯವಾಗಿ ಗಂಟಲೊಳಗೆ ಒಂದೇ ಕೊಳವೆ ಇಳಿಸಿ ಎರಡೂ ಶ್ವಾಸಕೋಶಗಳಿಗೆ ಒಟ್ಟಿಗೆ ಗಾಳಿ ಕೊಡುತ್ತಿದ್ದೆವು. ಸುಲಭ, ಕೈಗೆ ಪಳಗಿದ ವಿಧಾನ. ಆದರೆ ಗುಳ್ಳೆ ಒಡೆದರೆ ಅದರ ನೀರು ಕೆಳಗಿನ ಒಳ್ಳೆಯ ಶ್ವಾಸಕೋಶಕ್ಕೇ ಹರಿಯುತ್ತದೆ. ಮನುಷ್ಯ ಮೇಜಿನ ಮೇಲೆ, ನಮ್ಮ ಕಣ್ಣೆದುರಿಗೇ ಮುಳುಗಿಹೋಗುತ್ತಾನೆ. ಇದಕ್ಕೆಂದೇ ಎರಡು ನಳಿಗೆಯ ಕೊಳವೆಯೂ ಇತ್ತು. ಒಂದೊಂದು ಶ್ವಾಸಕೋಶಕ್ಕೆ ಒಂದೊಂದು ನಳಿಗೆ, ಒಂದರ ನೀರು ಇನ್ನೊಂದಕ್ಕೆ ಹೋಗದಂತೆ ನಡುವೆ ತಡೆ. ನಮ್ಮಲ್ಲಿ ಅಂಥದ್ದು ಒಂದೇ ಒಂದಿತ್ತು, ಕೆಂಪು ರಬ್ಬರಿನದು, ಹಳೆಯದು. ಓದುವಾಗ ಬೆಂಗಳೂರಿನಲ್ಲಿ ಅದನ್ನು ಮೂರು ಸಲ ಹಾಕಿದ್ದೆ. ಹಾಕುವುದು ಕಷ್ಟ. ತಪ್ಪಿ ಕೂತರೆ ಗಾಳಿಯೇ ಹೋಗದೆ ಅದರಿಂದಲೇ ಸಾವು ಬರಬಹುದು. ಇಂದಿನಂತೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ತೋರಿಸುವ ಯಂತ್ರ ಇರಲಿಲ್ಲ. ತುಟಿಯ ಬಣ್ಣ, ಕೆನ್ನೆಯ ಪಕ್ಕದ ನಾಡಿ, ಎದೆಗೆ ಅಂಟಿಸಿದ ಸ್ಟೆತಸ್ಕೋಪು, ಇಷ್ಟೇ. ಗುಳ್ಳೆ ಎಕ್ಸ್‌ರೇಯಲ್ಲಿ ಗಟ್ಟಿಯಾಗಿ, ಪೂರ್ತಿಯಾಗಿ ಕಂಡಿತ್ತು. ನಾನೂ ಸದಾಶಿವಯ್ಯನವರೂ ಮಾತಾಡಿ ಒಂದೇ ಕೊಳವೆಯ ವಿಧಾನವೇ ಸಾಕೆಂದು ತೀರ್ಮಾನಿಸಿದ್ದೆವು.

ಆಪರೇಷನ್ನಿನ ಹಿಂದಿನ ಸಂಜೆ ರೋಗಿಯನ್ನು ಒಮ್ಮೆ ನೋಡಿ ಬರುವುದು ನನ್ನ ಪದ್ಧತಿ. ಐದು ಗಂಟೆಗೆ ವಾರ್ಡಿಗೆ ಹೋದೆ. ಮಂಚ ಖಾಲಿಯಿತ್ತು. ಕೊನೆಯದಾಗಿ ಇನ್ನೊಂದು ಎಕ್ಸ್‌ರೇ ತೆಗೆಯಲು ಅವನನ್ನು ಕರೆದುಕೊಂಡು ಹೋಗಿದ್ದರು. ಮಂಚದ ಪಕ್ಕ ನೆಲದ ಮೇಲೆ, ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ನಾನು ಸ್ಟೂಲ್ ಎಳೆದುಕೊಂಡು ಕೂತು, ಅವನ ಕೇಸ್ ಶೀಟು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ.

"ಇವನಿಗೆ ನಿದ್ದೆ ಔಷಧಿ ಕೊಡೋರು ನೀವೇನಾ ಸ್ವಾಮಿ?" ಎಂದು ಕೇಳಿದಳು.

ನನಗೆ ಆಶ್ಚರ್ಯವಾಯಿತು. ರೋಗಿಯ ಕಡೆಯವರು ಕೇಳುವುದು ಆಪರೇಷನ್ ಮಾಡುವವರನ್ನು. ಹೌದೆಂದೆ. "ನೀನು ಯಾರಮ್ಮ?" ಎಂದು ಬರೆಯುತ್ತಲೇ ಕೇಳಿದೆ.

"ಅಕ್ಕ ಆಗ್ಬೇಕು. ಇವನ್ನ ಎಡ ಮಗ್ಗುಲಿಗೆ ಮಲಗಿಸಬ್ಯಾಡ್ರಿ. ಆ ಕಡೆ ಮಲಗಿದ್ರೆ ಬಾಯಿ ತುಂಬ ಉಪ್ಪುನೀರು ಬರ್ತೈತೆ. ಉಸಿರೇ ಸಿಗಾಕಿಲ್ಲ. ನಾಕು ತಿಂಗಳಾತು, ಕಂಬಳಿ ಸುತ್ತಿ ಬೆನ್ನಿಗಿಟ್ಕಂಡು ಕುಂತೇ ನಿದ್ದೆ ಮಾಡ್ತಾನೆ."

ನನ್ನ ಪೆನ್ನು ನಿಂತಿತು. ಉಪ್ಪುನೀರು ಎಂದರೆ ಗುಳ್ಳೆಯ ನೀರು. ಅದು ಬಾಯಿಗೆ ಬರುತ್ತಿದೆ ಎಂದರೆ ಗುಳ್ಳೆ ಎಲ್ಲೋ ಬಿರುಕು ಬಿಟ್ಟು ಉಸಿರಿನ ದಾರಿಗೆ ತೆರೆದುಕೊಂಡಿದೆ.

"ಇದನ್ನೆಲ್ಲ ಅವನು ನಮಗೆ ಹೇಳಲೇ ಇಲ್ಲವಲ್ಲಮ್ಮ?"

"ಹೇಳಿದ್ರೆ ಆಗಲ್ಲ ಅಂತ ವಾಪಸ್ ಕಳಿಸ್ತೀರ ಅಂತ ಹೆದರಿಕೆ. ಇನ್ನೆಲ್ಲಿಗೆ ಹೋಗ್ತಾನೆ ಹೇಳ್ರಿ."

ಯಾರೂ ಇಲ್ಲ ಎಂದಿದ್ದವನಿಗೆ ಹಟ್ಟಿಯಲ್ಲಿ ಅಕ್ಕನ ವರಸೆಯವಳು ಇರಬೇಕು ಎಂದುಕೊಂಡು ನಾನು ತಲೆ ತಗ್ಗಿಸಿಕೊಂಡು ಒಂದೂ ಬಿಡದೆ ಬರೆದುಕೊಂಡೆ. ಆಗ ಕೇಸ್ ಶೀಟುಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆವು. ಕೊನೆಯಲ್ಲಿ, ರೋಗಿಯ ಅಕ್ಕ ಹೇಳಿದ್ದು ಎಂದು ಸೇರಿಸಿದೆ. ಅಷ್ಟರಲ್ಲಿ ಥಿಯೇಟರಿನ ಅಟೆಂಡರ್ ಓಡಿಬಂದ. ಹೊಳಲ್ಕೆರೆಯಿಂದ ಹೆರಿಗೆಯ ಕೇಸು ಬಂದಿದೆ, ತಕ್ಷಣ ಹೊಟ್ಟೆ ಕೊಯ್ಯಬೇಕು ಎಂದ. ಶೀಟನ್ನು ಮಂಚದ ಮೇಲಿಟ್ಟು ಅವನ ಹಿಂದೆಯೇ ಓಡಿದೆ. ಹೊರಳಿ ನೋಡಲಿಲ್ಲ.

ತಾಯಿ, ಮಗು ಇಬ್ಬರೂ ಉಳಿದರು. ಎಂಟು ಗಂಟೆಗೆ ವಾರ್ಡಿಗೆ ಮರಳಿದಾಗ ಚಿತ್ತಯ್ಯನಿಗೆ ನರ್ಸು ಮಾತ್ರೆ ಕೊಟ್ಟು ಮಲಗಿಸಿಯಾಗಿತ್ತು. ಮಲಗಿಸಿಯಾಗಿತ್ತು ಎನ್ನುವುದು ತಪ್ಪು. ಕಂಬಳಿಯನ್ನು ಸುತ್ತಿ ಬೆನ್ನಿಗೆ ಕೊಟ್ಟುಕೊಂಡು ಕೂತೇ ನಿದ್ದೆ ಹೋಗಿದ್ದ. ಅಕ್ಕ ಇರಲಿಲ್ಲ. ಭೇಟಿಯ ಹೊತ್ತು ಮುಗಿದಿತ್ತು, ಹೋಗಿರಬೇಕು ಎಂದುಕೊಂಡೆ.

ಅಲ್ಲಿಂದ ನೇರ ಸದಾಶಿವಯ್ಯನವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಊಟದಿಂದ ಎದ್ದು ಬಂದು ಬಾಗಿಲಲ್ಲೇ ಕೇಳಿಸಿಕೊಂಡರು.

"ಎರಡು ನಳಿಗೆಯದು ಹಾಕಿ ಎಷ್ಟು ವರ್ಷ ಆಯಿತಪ್ಪ ನೀನು?"

"ನಾಲ್ಕು ವರ್ಷ ಸಾರ್. ಬೇಕಾದರೆ ಬೆಂಗಳೂರಿಗೆ ಕಳಿಸೋಣ."

"ಅವರಕ್ಕ ಹೇಳಿದ್ದು ನಿಜವಾದರೆ ಆ ಗುಳ್ಳೆ ಬಸ್ಸಿನಲ್ಲೇ ಒಡೆಯುತ್ತೆ," ಎಂದರು. "ನಿನಗೆ ಯಾವುದು ಸರಿ ಅನ್ನಿಸುತ್ತೋ ಅದನ್ನು ಮಾಡು. ಉಸಿರು ನಿನ್ನದು, ಗುಳ್ಳೆ ನನ್ನದು," ಎಂದು ಒಳಗೆ ಹೋದರು.

ಥಿಯೇಟರಿಗೆ ಹೋಗಿ ಕೊಳವೆಯನ್ನು ಹುಡುಕಿ ತೆಗೆದೆ. ಅದರ ತುದಿಯ ರಬ್ಬರ್ ಬುರುಡೆಗಳಿಗೆ ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗಾಳಿ ಸೋರಿ ಗುಳುಗುಳು ಬರುತ್ತದೆಯೇ ಎಂದು ನೋಡುತ್ತ ಕೂತೆ. ಬರಲಿಲ್ಲ. ಆ ದೊಡ್ಡ ಕಟ್ಟಡದಲ್ಲಿ ನಾನು, ಆ ಬೋಗುಣಿ, ಅಷ್ಟೇ. ನಾಳೆ ಕೈ ತಪ್ಪಿದರೆ ಕೇಳುವವರು ಯಾರೂ ಇಲ್ಲದ ಮನುಷ್ಯ ಇವನು ಎಂಬ ಯೋಚನೆ ಬಂತು. ಹಿಂದೆಯೇ, ಇಲ್ಲ, ಅಕ್ಕ ಒಬ್ಬಳಿದ್ದಾಳಲ್ಲ ಎಂದು ನೆನಪಾಗಿ ಸಮಾಧಾನವೂ ಆಯಿತು, ಭಯವೂ ಆಯಿತು.

ಬೆಳಿಗ್ಗೆ ಮೇಜಿನ ಮೇಲೆ ಅವನನ್ನು ತಲೆ ಎತ್ತರಿಸಿ ಕೂರಿಸಿದಂತೆಯೇ ಇಟ್ಟುಕೊಂಡೆ. ಕೈಯಲ್ಲಿ ಸೂಜಿ ಸಿದ್ಧವಿತ್ತು. "ಚಿತ್ತಯ್ಯ, ಎಡಕ್ಕೆ ಮಲಗಿದರೆ ಬಾಯಿಗೆ ಉಪ್ಪುನೀರು ಬರುತ್ತಾ?" ಎಂದು ಕೇಳಿದೆ.

ಅವನ ಕಣ್ಣುಗಳು ಅಗಲವಾದವು. "ಬರ್ತೈತೆ. ತಪ್ಪಾತು ಸ್ವಾಮಿ, ಹೇಳಲಿಲ್ಲ. ನಿಮಗ್ಯಾರು ಹೇಳಿದ್ರು?"

"ನಿಮ್ಮಕ್ಕ."

ಅವನ ಮುಖದಲ್ಲಿ ಆಗ ಮೂಡಿದ್ದನ್ನು ನಾನು ಹೆದರಿಕೆ ಎಂದುಕೊಂಡೆ. ಆಪರೇಷನ್ ಮೇಜಿನ ಮೇಲೆ ಎಲ್ಲರ ಮುಖದಲ್ಲೂ ಅದು ಇರುತ್ತದೆ. "ಆಮೇಲೆ ಮಾತಾಡೋಣ," ಎಂದು ಔಷಧಿ ಒತ್ತಿದೆ. ಏನೋ ಹೇಳಲು ತೆರೆದ ಬಾಯಿ ಹಾಗೆಯೇ ಸಡಿಲವಾಯಿತು.

ಕೊಳವೆ ಮೊದಲ ಸಲ ಕೂರಲಿಲ್ಲ. ಎರಡನೆಯ ಸಲ ಕೂತಿತು. ಬಲದ ನಳಿಗೆಯನ್ನು ಅದುಮಿ ಮುಚ್ಚಿ ಎಡ ಎದೆಗೆ ಕಿವಿ ಕೊಟ್ಟೆ, ಎಡದ್ದು ಮುಚ್ಚಿ ಬಲಕ್ಕೆ ಕಿವಿ ಕೊಟ್ಟೆ. ಸರಿಯಿತ್ತು. ಆಮೇಲೆಯೇ ಅವನನ್ನು ಎಡ ಮಗ್ಗುಲಿಗೆ ಹೊರಳಿಸಲು ಒಪ್ಪಿದೆ. ಹೊರಳಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಸದಾಶಿವಯ್ಯನವರು ಪಕ್ಕೆಲುಬುಗಳನ್ನು ಅಗಲಿಸುತ್ತಿದ್ದರು, ಬಲದ ನಳಿಗೆಯಲ್ಲಿ ತಿಳಿನೀರು ಉಕ್ಕಿ ಬಂತು. ಅದರ ಜೊತೆ ದ್ರಾಕ್ಷಿ ಸಿಪ್ಪೆಯಂಥ ಬಿಳಿಯ ಚೂರುಗಳು. ನೀರು ಹೀರುವ ಯಂತ್ರದ ಗಾಜಿನ ಸೀಸೆ ಅರ್ಧ ತುಂಬಿತು. ಎಡದ ನಳಿಗೆ ಒಣಗಿಯೇ ಇತ್ತು. ಅವನ ತುಟಿ ಕೆಂಪಾಗಿಯೇ ಇತ್ತು. ನಾನು ಗಾಳಿಚೀಲ ಒತ್ತುತ್ತಲೇ ಇದ್ದೆ. ಸದಾಶಿವಯ್ಯನವರು ಮುಖವಾಡದ ಮೇಲಿನಿಂದ ನನ್ನತ್ತ ಒಮ್ಮೆ ನೋಡಿ ಕೆಲಸ ಮುಂದುವರಿಸಿದರು. ಒಂದೇ ಕೊಳವೆ ಹಾಕಿದ್ದರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು.

ಮೂರನೆಯ ದಿನ ಚಿತ್ತಯ್ಯನಿಗೆ ಮಾತಾಡುವಷ್ಟು ಶಕ್ತಿ ಬಂತು. ನನ್ನನ್ನು ಕಂಡೊಡನೆ ಅವನು ಕೇಳಿದ್ದು ಒಂದೇ. "ಯಾವ ಅಕ್ಕ ಸ್ವಾಮಿ?"

ತಮಾಷೆ ಎಂದುಕೊಂಡೆ. ನಡೆದದ್ದನ್ನು ಹೇಳಿದೆ. ಅವನು ತಲೆಯಾಡಿಸಿದ. "ನನಗೆ ಅಕ್ಕ ಇಲ್ಲ. ನಾನ್ ನಾಕು ತಿಂಗಳಿಂದ ಕುಂತು ನಿದ್ದೆ ಮಾಡೋದು ನನ್ ನಾಯಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಡವಿಯಾಗೆ ಇನ್ಯಾರಿರ್ತಾರೆ?"

ವಾರ್ಡಿನ ನರ್ಸ್ ಲಿಲ್ಲಿಯಮ್ಮನವರನ್ನು ಕೇಳಿದೆ. "ಆ ಮಂಚದ ಹತ್ತಿರ ಒಂದು ದಿನವೂ ಯಾರೂ ಬಂದಿಲ್ಲ ಡಾಕ್ಟ್ರೇ. ಅದಕ್ಕೇ ಅವನ ಊಟ ನಾನೇ ನಿಂತು ಕೊಡಿಸ್ತಿದ್ದೆ. ಆ ಸಂಜೆ ನೀವು ಒಬ್ಬರೇ ಕೂತು ಬರೀತಿದ್ರಿ, ನಾನು ನೋಡಿದೆ," ಎಂದರು. ಪಕ್ಕದ ಮಂಚದ ಮುದುಕನೂ ಹಾಗೆಯೇ ಹೇಳಿದ. ಬಾಗಿಲು ಕಾಯುವವನೂ ಹಾಗೆಯೇ ಹೇಳಿದ. ಕೇಸ್ ಶೀಟು ತೆಗೆದು ನೋಡಿದೆ. ನನ್ನ ಅಕ್ಷರದಲ್ಲಿ ಎಲ್ಲವೂ ಇತ್ತು, ಉಪ್ಪುನೀರು, ಕಂಬಳಿ, ನಾಲ್ಕು ತಿಂಗಳು, ಅಕ್ಕ ಹೇಳಿದ್ದು ಎಂಬುದೂ.

ನನಗೆ ಕಳವಳವಾಯಿತು. ಆದರೆ ಚಿತ್ತಯ್ಯನಿಗೆ ಆದದ್ದೇ ಬೇರೆ. ಅವನಿಗೆ ಒಂದಿಷ್ಟೂ ಭಯವಾಗಲಿಲ್ಲ. ದಿನವೂ ನಾನು ಹೋದೊಡನೆ ಕೂರಲು ಹೇಳಿ, ಆ ಸಂಜೆಯ ಮಾತನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದ. ಎಲ್ಲಿ ಕೂತಿದ್ದಳು, ಏನೆಂದಳು, ದನಿ ಹೇಗಿತ್ತು. ತನಗಾಗಿ ಒಬ್ಬರು ಬಂದಿದ್ದರು ಎಂಬುದೇ ಅವನಿಗೆ ಸಾಕಾಗಿತ್ತು. ಗುಣವಾದ ರೋಗಿಯೊಬ್ಬ ನನಗಾಗಿ ಕಾಯುತ್ತಿದ್ದದ್ದು ನನಗೂ ಹೊಸದು. ನಿಜ ಹೇಳುತ್ತೇನೆ, ಆ ಹತ್ತು ಹದಿನೈದು ದಿನ ನಾನು ಸಂಜೆಯನ್ನು ಎದುರು ನೋಡುತ್ತಿದ್ದೆ.

ಒಂದು ದಿನ ಅವನು, "ಮುಖ ಹೆಂಗಿತ್ತು ಸ್ವಾಮಿ?" ಎಂದು ಕೇಳಿದ.

ಆಗ ನನಗೆ ಹೊಳೆಯಿತು. ನಾನು ಅವಳ ಮುಖವನ್ನೇ ನೋಡಿರಲಿಲ್ಲ. ಒಡೆದ ಹಿಮ್ಮಡಿ, ಮಣಿಕಟ್ಟಿನಲ್ಲಿ ಒಂದು ಹಿತ್ತಾಳೆ ಬಳೆ, ಕೆಂಪು ಸೀರೆಯ ಅಂಚಿಗೆ ಮೆತ್ತಿದ್ದ ಒಣಮಣ್ಣು, ಇಷ್ಟು ನೆನಪಿತ್ತು. ಉಳಿದಂತೆ ಹಾಳೆಯನ್ನೇ ನೋಡುತ್ತಿದ್ದೆ. ಅವನು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದ. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

"ನಿನ್ನ ಹಾಗೆಯೇ ಇದ್ದಳಪ್ಪ," ಎಂದುಬಿಟ್ಟೆ.

ಹಟ್ಟಿಗೆ ಮರಳಿದವನು ಅಲ್ಲಿನ ಒಬ್ಬ ಮುದುಕಿಯನ್ನು ಕೇಳಿದನಂತೆ. ಇವನನ್ನು ತಂದಾಗ ಜೊತೆಯಲ್ಲಿ ಏಳೆಂಟು ವರ್ಷದ ಒಂದು ಹೆಣ್ಣುಕೂಸು ಇದ್ದ ನೆನಪು, ಅದನ್ನು ಹೊಸದುರ್ಗದ ಕಡೆಯವರು ಯಾರೋ ಕರೆದುಕೊಂಡು ಹೋದರು ಎಂದು ಅವಳು ಹೇಳಿದಳಂತೆ. ನಿಜವಾದ ನೆನಪೋ, ಕೇಳಿದವನ ಆಸೆಗೆ ಹುಟ್ಟಿದ ನೆನಪೋ ದೇವರೇ ಬಲ್ಲ. ಅಲ್ಲಿಂದ ಚಿತ್ತಯ್ಯನ ಅಲೆದಾಟ ಶುರುವಾಯಿತು. ಕುರಿ ಕಾಯುವುದರ ನಡುವೆ ಬಿಡುವು ಮಾಡಿಕೊಂಡು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಸಂತೆ ಸಂತೆ ಸುತ್ತಿದ. ತನ್ನಂತೆ ಕಾಣುವ ಹೆಂಗಸನ್ನು ಹುಡುಕುತ್ತ. ತಪಾಸಣೆಗೆ ಬಂದಾಗಲೆಲ್ಲ ಎಲ್ಲೆಲ್ಲಿಗೆ ಹೋಗಿದ್ದೆ ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ನಾಯಿಯ ವಿಷಯ, ಕೈ ತೊಳೆಯಬೇಕೆಂದು, ಅದಕ್ಕೆ ಹುಳುವಿನ ಔಷಧಿ ಹಾಕಿಸಬೇಕೆಂದು ನಾನು ಹೇಳಿದರೆ ಹೂಂಗುಟ್ಟಿ ಮತ್ತೆ ಅಕ್ಕನ ಮಾತಿಗೆ ಬರುತ್ತಿದ್ದ. ಪ್ರತಿ ಸಲವೂ ನಿಜ ಹೇಳಿಬಿಡಬೇಕೆಂದು ಅಂದುಕೊಂಡೆ. ಪ್ರತಿ ಸಲವೂ ಎದೆಗೆ ಸ್ಟೆತಸ್ಕೋಪು ಇಟ್ಟು, "ಉಸಿರು ಚೆನ್ನಾಗಿದೆ," ಎಂದು ಕಳಿಸಿದೆ.

ಈ ನಡುವೆ ನನಗೆ ತಿಳಿದ ಎಲ್ಲ ಬಗೆಯಲ್ಲೂ ಇದನ್ನು ಬಿಡಿಸಲು ನೋಡಿದೆ. ಬೇರೆ ರೋಗಿಯ ಕಡೆಯ ಹೆಂಗಸು ಇವನು ಕೂತು ಮಲಗುವುದನ್ನು ನೋಡಿ ಹೇಳಿರಬಹುದು. ಆದರೆ ಉಪ್ಪುನೀರು, ನಾಲ್ಕು ತಿಂಗಳು ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಮನಸ್ಸೇ ಅಪಾಯವನ್ನು ಊಹಿಸಿ, ಅದಕ್ಕೊಂದು ದನಿ ಕೊಟ್ಟಿರಬಹುದು. ನನ್ನ ಗೆಳೆಯನಾದ ಮನೋವೈದ್ಯನೊಬ್ಬ ಹಾಗೆಂದ. ಒಂಟಿಯಾಗಿರುವವರಿಗೆ ಹೀಗಾಗುವುದುಂಟು ಎಂದೂ ಸೇರಿಸಿದ. ಇರಬಹುದು. ಆದರೆ ಕಂಬಳಿಯನ್ನು ಬೆನ್ನಿಗೆ ಕೊಟ್ಟುಕೊಂಡು ಮಲಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಗಲಿನಲ್ಲಿ ಅವನನ್ನು ನೋಡಿದ್ದೆನೇ ಹೊರತು ರಾತ್ರಿಯಲ್ಲಿ ನೋಡಿರಲಿಲ್ಲ. ಆ ಹಿತ್ತಾಳೆ ಬಳೆ ಎಲ್ಲಿಂದ ಬಂತು?

ಎರಡು ವರ್ಷದ ನಂತರ ನನಗೆ ಮೈಸೂರಿಗೆ ವರ್ಗವಾಯಿತು. ಹೊರಡುವ ವಾರ ಚಿತ್ತಯ್ಯ ಬಂದ. ಹೊಸದುರ್ಗದ ಆಚೆಯ ಒಂದು ಹಳ್ಳಿಯಲ್ಲಿ ಸುಳಿವು ಸಿಕ್ಕಿತ್ತು. ಒಬ್ಬರು, ಅಂಥ ಕೂಸೊಂದು ಬಂದಿತ್ತು, ಮರುವರ್ಷವೇ ಜ್ವರದಿಂದ ಸತ್ತಿತು ಎಂದರಂತೆ. ಇನ್ನೊಬ್ಬರು, ಸಾಯಲಿಲ್ಲ, ಆಂಧ್ರದ ಗಡಿಯ ಕಡೆ ಮದುವೆ ಮಾಡಿಕೊಟ್ಟರು ಎಂದರಂತೆ. ಇಬ್ಬರೂ ಪ್ರಮಾಣ ಮಾಡಿ ಹೇಳಿದರಂತೆ.

ಆಸ್ಪತ್ರೆಯ ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದೆವು. "ಎಷ್ಟೋ ಹೆಂಗಸರನ್ನ ನೋಡಿದೆ ಸ್ವಾಮಿ," ಎಂದ. "ನಮ್ಮ ಮುಖ ಇರೋರು ಒಬ್ರೂ ಸಿಗಲಿಲ್ಲ. ನೀವು ಸರಿಯಾಗಿ ನೋಡಿದ್ರಾ? ನನ್ನಂಗೇ ಇದ್ಲಾ?"

ಇನ್ನು ತಡೆಯಲಾಗಲಿಲ್ಲ. "ಚಿತ್ತಯ್ಯ, ನಾನು ಮುಖ ನೋಡಲಿಲ್ಲ. ಬರೆಯುತ್ತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದೆ. ತಪ್ಪಾಯಿತು."

ಬೈಯುತ್ತಾನೆ, ಅಳುತ್ತಾನೆ, ಎದ್ದು ಹೋಗುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ತಿರುಗಿದಾಗ ಮುಖ ಹಗುರವಾಗಿತ್ತು.

"ಹಂಗಾದ್ರೆ ಯಾರಾದ್ರೂ ಆಗಿರಬಹುದು," ಎಂದ. "ನಾನು ಮುಖ ಹೋಲಲ್ಲ ಅಂತ ಸುಮ್ನೆ ಅಷ್ಟು ಜನರನ್ನ ದಾಟ್ಕಂಡು ಬಂದೆ."

ಕಂಬಳಿ ಹೆಗಲಿಗೆ ಹಾಕಿಕೊಂಡು, ಹೊಸದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಅವನನ್ನು ಮತ್ತೆ ನಾನು ನೋಡಲಿಲ್ಲ. ಅವಳು ಯಾರೆಂದು ಅವನಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಇವತ್ತಿಗೂ ತಿಳಿದಿಲ್ಲ.